ಜಾರುಬಂಡೆಯಿಂದ ಬಿದ್ದ ಕಾಯಿ

ಕೊಡಿಗೇಹಳ್ಳಿಯ ಮುನಿಆಂಜಿನಪ್ಪಣ್ಣನವರಿಗೆ, ಗಯಾಸ್ ಮಾಡುವ ಸಲಾಮುಗಳು.

ನಿಮ್ಮ ಮನೆ ಇಲ್ಲಿಂದ ಎರಡೇ ಗಲ್ಲಿ. ಅಷ್ಟು ನಡೆಯಲು ನನ್ನ ಕಾಲಿಗೆ ಬಲವಿದೆ, ಮುಖಕ್ಕಿಲ್ಲ. ಅದಕ್ಕೇ ಈ ಕಾಗದ. ಪ್ರತಿ ಭಾನುವಾರ ಪತ್ರಿಕೆಯಲ್ಲಿ ಊರನ್ನೆಲ್ಲ ನಗಿಸುವ ಮನುಷ್ಯ ಒಂದು ಕ್ಷಮಾಪಣೆ ಬರೆಯಲು ಹನ್ನೊಂದು ಹಾಳೆ ಹರಿದಿದ್ದಾನೆ. ಇದೂ ಒಂದು ತಮಾಷೆಯೇ ಎಂದುಕೊಳ್ಳಿ.

ಪಾರ್ಕಿಗೆ ಜಾರುಬಂಡೆ ತರಿಸುವ ಮುಂಚೆ, ಬಡಾವಣೆಯ ಸಭೆಯಲ್ಲಿ, ಅದರ ಕೆಳಗೆ ಒಂದಡಿ ಮರಳು ಸುರಿಯಬೇಕೆಂದು ನೀವು ಹಟ ಹಿಡಿದಿರಿ. ಸಿಮೆಂಟಿನ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿದರೆ ಸಾಕು ಎಂದರು ಉಳಿದವರು. "ಅಸುರಾಗಿದ್ದ ಮಾತ್ರಕ್ಕೆ ಉಲ್ಲಾಯ್ತದೇನ್ರಪ್ಪಾ? ನಾವು ಮೆದೆ ಮ್ಯಾಲಿಂದ ನೆಗೆಯೋವಾಗ್ಲೂ ಕೆಳಗೆ ಉಲ್ ಅರಡ್ಕೊಂತಿದ್ವಿ" ಎಂದಿರಿ. ಸಭೆ ಒಂದು ಕ್ಷಣ ನಿಮ್ಮ ಕಡೆ ವಾಲಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಹಾಕ್ಸಿ ಅಣ್ಣ, ಹೆಬ್ಬಾಳದ್ ತನಕ ಇರೋ ಬೆಕ್ಕುಗಳಿಗೆಲ್ಲ ಒಂದ್ ಸಾರ್ವಜನಿಕ ಶೌಚಾಲಯ ಆಗುತ್ತೆ!" ಆ ನಗುವಿನಲ್ಲಿ ನಿಮ್ಮ ಮರಳು ಕೊಚ್ಚಿಹೋಯಿತು. ಚಾಪೆ ಗೆದ್ದಿತು.

ಉದ್ಘಾಟನೆಯ ದಿನ ನೀವು ಪಂಚೆ ಎತ್ತಿಕಟ್ಟಿ ಜಾರುಬಂಡೆಯ ತುದಿಗೆ ಹತ್ತಿ, ಒಂದು ತೆಂಗಿನಕಾಯಿ ಕೈಬಿಟ್ಟಿರಿ. ಚಾಪೆಗೆ ಬಿದ್ದದ್ದೇ ಹೋಳಾಯಿತು. "ನೋಡ್ಕಳ್ರಪ್ಪಾ" ಎಂದು ನೀವು ಬಾಯಿ ತೆರೆಯುವಷ್ಟರಲ್ಲಿ, ಈಡುಗಾಯಿ ಒಡೆದಿರೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು! ಮಕ್ಕಳು ಚೂರಿಗೆ ಮುಗಿಬಿದ್ದರು. ನನ್ನ ಏಳು ವರ್ಷದ ಮಗಳು ಅನೀಸಾ ಒಂದು ಚೂರು ತಂದು ನನ್ನ ಬಾಯಿಗಿಟ್ಟಳು. ಆ ಭಾನುವಾರ ನಾನು ಬರೆದದ್ದು ಅದನ್ನೇ. ಜನ ಫೋನ್ ಮಾಡಿ ನಕ್ಕರು.

ಎರಡನೇ ತಿಂಗಳು ಅದೇ ತುದಿಯಿಂದ ಅನೀಸಾ ಬಿದ್ದಳು.

ಅವಳನ್ನು ಎತ್ತಿಕೊಂಡು ಆಟೋಗೆ ಓಡಿದವರು ನೀವು. ಆಸ್ಪತ್ರೆಯ ಬೆಂಚಿನಲ್ಲಿ ಎರಡು ದಿನ ನನ್ನ ಪಕ್ಕ ಕೂತಿರಿ. 'ಅವತ್ತೇ ಯೋಳಿದ್ದೆ' ಎಂಬ ಮಾತಿಗೆ ನಾನು ಕಾದೆ. ನೀವು ಅಂದದ್ದು, "ಟೀ ಕುಡಿ ಗಯಾಸು, ಸಕ್ರೆ ಜಾಸ್ತಿ ಆಕ್ಸಿದೀನಿ." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಣ್ಣ. ಮಗಳು ಉಳಿದಳು. ಬಲಗಿವಿ ಮಾತ್ರ ಕೇಳಿಸುವುದಿಲ್ಲ.

ಈಗ ಚಾಪೆ ಹೋಗಿ ಮರಳು ಬಂದಿದೆ. ಬೆಕ್ಕುಗಳೂ ಬಂದಿವೆ, ನನ್ನ ಭವಿಷ್ಯವಾಣಿ ಅಷ್ಟರಮಟ್ಟಿಗೆ ಸತ್ಯ. ಬೆಳಿಗ್ಗೆ ನೀವು ಅವುಗಳ ಗಲೀಜು ಬಾಚಿ, ಗಟ್ಟಿಯಾದ ಮರಳನ್ನು ಗುದ್ದಲಿಯಿಂದ ಕೆದಕಿ ಸಡಿಲ ಮಾಡುವುದನ್ನು ಬಾಲ್ಕನಿಯಿಂದ ನೋಡುತ್ತೇನೆ. ಇಳಿದು ಬರಲಾಗುವುದಿಲ್ಲ.

ಮೊನ್ನೆ ತುದಿಯಿಂದ ಮತ್ತೆ ಕಾಯಿ ಬಿಟ್ಟಿರಿ. ಮರಳಲ್ಲಿ ಹೂತುಕೊಂಡಿತು, ಒಡೆಯಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದನ್ನೆತ್ತಿ ಅನೀಸಾಳ ಕೈಗೆ ಕೊಟ್ಟಿರಿ.

ಆ ಕಾಯಿಯನ್ನು ಒಡೆಯಲು ಅವಳು ಬಿಡುತ್ತಿಲ್ಲ. ಒಳಗಿನ ನೀರಿನ ಸದ್ದು ಕೇಳಲು ಅಲ್ಲಾಡಿಸುತ್ತಾಳೆ. ಅಭ್ಯಾಸಬಲ, ಮೊದಲು ಬಲಗಿವಿಗೆ ಹಿಡಿಯುತ್ತಾಳೆ. ಸ್ವಲ್ಪ ಕಾಯುತ್ತಾಳೆ. ಆಮೇಲೆ ಎಡಗಿವಿಗೆ. ಅವಳು ಕಾಯುವ ಆ ಸ್ವಲ್ಪ ಹೊತ್ತಿನ ಬಗ್ಗೆ ನನಗೆ ಯಾವ ತಮಾಷೆಯೂ ಹೊಳೆಯುವುದಿಲ್ಲ.

ನಾಳೆ ಬೆಳಿಗ್ಗೆ ಇನ್ನೊಂದು ಗುದ್ದಲಿ ತನ್ನಿ. ಇಳಿದು ಬರುತ್ತೇನೆ. ಅಲ್ಲಾಹ್ ನಿಮ್ಮ ಸೊಂಟಕ್ಕೆ ಇನ್ನೂ ನೂರು ವರ್ಷ ಬಲ ಕೊಡಲಿ.

ಸಭೆಯನ್ನು ನಗಿಸಿ ನಿಮ್ಮ ಮರಳನ್ನು ಸೋಲಿಸಿದವನು,
ಗಯಾಸ್