ಕತ್ತಲಾಗಿರಬೇಕಿದ್ದ ಸಾಲು

ಹ್ಯಾಲಿಫ್ಯಾಕ್ಸ್
ಫೆಬ್ರವರಿ 9

ಪ್ರೀತಿಯ ಆನ್ಸೆಲ್ಮ್,

ಬೆನ್ನುನೋವು ಕಡಿಮೆಯಾಯಿತೇ? ಆ ತೈಲಗಣಿ ಕ್ಯಾಂಪಿನಲ್ಲಿ ಹೊಟ್ಟೆತುಂಬ ಹಾಕುತ್ತಾರೆಯೇ, ಇಲ್ಲ ಈಗಲೂ ಅಮ್ಮನ ಆಲೂಗಡ್ಡೆ ರಪ್ಯೂರ್ ನೆನೆದು ಕೊರಗುತ್ತೀಯಾ? ಡಾಕ್ಟರ್ ಎಂಬ ಮಾತು ಬಂದರೆ ಫೋನ್ ಇಟ್ಟುಬಿಡುವ ಮಹಾಶಯ ನೀನು. ಅದಕ್ಕೇ ಈ ಕಾಗದ. ಮಡಚಿ ಎಸೆದರೂ ಇದು ಮೇಜಿನ ಮೇಲೆಯೇ ಬಿದ್ದಿರುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ನಾವು ರಕ್ತದಲ್ಲಿ ಹುಡುಕುವುದು ಯೂರೋಪ್ಲಾಕಿನ್ ಎಂಬ ಪ್ರೋಟೀನಿನ ಜಾಡನ್ನು. ಮೂತ್ರಕೋಶದ ಒಳಪದರದ ಜೀವಕೋಶಗಳು ಅದನ್ನು ಸೂರಿನ ಹಲಗೆಗಳಂತೆ ಹೊದ್ದು, ಮೂತ್ರ ಮೈಯೊಳಗೆ ಇಂಗದಂತೆ ತಡೆಯುತ್ತವೆ. ರಕ್ತದಲ್ಲಿ ಅದಕ್ಕೇನೂ ಕೆಲಸವಿಲ್ಲ. ಹೊಳೆಯಲ್ಲಿ ಸೂರಿನ ಹಲಗೆ ತೇಲಿಬಂದರೆ ಮೇಲೆಲ್ಲೋ ಮನೆ ಮುರಿದಿದೆ ಎಂದರ್ಥ. ಮೂತ್ರಕೋಶದ ಕ್ಯಾನ್ಸರ್ ರೋಗಿಗಳ ರಕ್ತದ ಪಕ್ಕದಲ್ಲಿ ಆರೋಗ್ಯವಂತರ ರಕ್ತವನ್ನೂ ಇಟ್ಟು ನೋಡುತ್ತೇವೆ. ಅದಕ್ಕೆ ನಾವೇ ತೋಳು ಕೊಡುವುದು ನಮ್ಮಲ್ಲಿನ ರೂಢಿ. ನೋಡಲು ಬಂದ ನೆಂಟರನ್ನೂ ಬಿಡುವುದಿಲ್ಲ. ಕ್ರಿಸ್‌ಮಸ್‌ಗೆ ಬಂದಾಗ ನೀನೂ ತೋಳು ಚಾಚಿದ್ದೆ: "ತಗೋ ಅಕ್ಕಾ, ಬರೀ ಬಿಯರ್ ಬಂದ್ರೆ ನನ್ನ ಬೈಬೇಡ."

ಕತ್ತಲೆಕೋಣೆಯಲ್ಲಿ ನೋಡುವ ಜೆಲ್ ತಟ್ಟೆಯ ಮೇಲೆ ಒಬ್ಬೊಬ್ಬರ ರಕ್ತಕ್ಕೂ ಒಂದೊಂದು ಸಾಲು; ಆ ಪ್ರೋಟೀನಿನ ಜಾಡಿದ್ದರೆ ಅಲ್ಲೊಂದು ಗೆರೆ ಬೆಳಗುತ್ತದೆ. ಕಳೆದ ವಾರ ಆರೋಗ್ಯವಂತರ ಸಾಲಿಗೆ ಹಾಕಿದ್ದು ನಿನ್ನ ಅದೇ ರಕ್ತ. ಆ ಸಾಲು ಪೂರ್ತಿ ಕತ್ತಲಾಗಿರಬೇಕು. ಅಲ್ಲೊಂದು ಗೆರೆ ಮಸುಕಾಗಿ ಬೆಳಗುತ್ತಿತ್ತು. ಜೊತೆಗಾರ ವೆಂಡೆಲ್ ನಕ್ಕ: "ಕಲಬೆರಕೆ ಮಾಡ್ಕೊಂಡಿದ್ದೀಯ ಕಣೇ, ಎಲ್ಲ ಚೆಲ್ಲಿ ಹೊಸದಾಗಿ ಮಾಡು." ಮಾಡಿದೆ. ಕೊಳವೆ, ದ್ರಾವಣ ಎಲ್ಲ ಬದಲಿಸಿದೆ. ನನ್ನ ರಕ್ತದ ಸಾಲು ಕತ್ತಲು, ವೆಂಡೆಲ್‌ನದೂ ಕತ್ತಲು. ನಿನ್ನದರಲ್ಲಿ ಆ ಗೆರೆ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತ್ತು. ಈ ಸಲ ವೆಂಡೆಲ್ ನಗಲಿಲ್ಲ, ದೀಪ ಹಾಕಲೂ ಇಲ್ಲ. ಸಾವಿರಾರು ಮೈಲಿ ದೂರದಲ್ಲಿರುವ ನೀನು ಆ ಕತ್ತಲೆಕೋಣೆಯಲ್ಲಿ ಏನೋ ಹೇಳಲು ಬಂದು ನಿಂತಂತೆ ಅನ್ನಿಸಿ ನನಗೆ ಭಯವಾಯಿತು.

ಇದೊಂದರಿಂದಲೇ ಕ್ಯಾನ್ಸರ್ ಎಂದು ಹೇಳಲಾಗದು. ಆದರೆ ಆರ್ಸೆನಿಕ್ ಬೆರೆತ ಬಾವಿನೀರು ಕುಡಿದು ಬೆಳೆದವರು ನಾವು. ಅಂಥ ನೀರು ಮೂತ್ರಕೋಶಕ್ಕೆ ಒಳ್ಳೆಯದಲ್ಲ. ಮೊನ್ನೆ ಫೋನಿನಲ್ಲಿ ಮೂತ್ರದ ಬಣ್ಣ ಕೇಳಿದ್ದಕ್ಕೆ ನೀನು, "ಒಂದೆರಡು ಸಲ ಕೆಂಪಗೆ ಹೋಯ್ತು, ಇಲ್ಲಿ ದಿನಾ ಬೀಟ್‌ರೂಟ್ ಹಾಕ್ತಾರೆ, ಅದಕ್ಕೇ" ಅಂದೆ. ನಂಬಲು ನೋಡುತ್ತಿದ್ದೇನೆ.

ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಒಡೆಟ್

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮುನ್ನ ಮನಸ್ಸು ತಡೆಯದೆ ನಿಮ್ಮ ಕ್ಯಾಂಪಿನ ಅಡುಗೆಮನೆಗೆ ಫೋನ್ ಮಾಡಿದೆ. "ಬೀಟ್‌ರೂಟಾ? ಈ ಚಳಿಗಾಲ ಒಂದೂ ಬಂದಿಲ್ಲಮ್ಮ" ಎಂದಳು ಅಡುಗೆಯವಳು. ಆನ್ಸೆಲ್ಮ್, ಇವತ್ತೇ ಡಾಕ್ಟರ ಹತ್ತಿರ ಹೋಗು.