ಖಲಾಸ್ ಎಂದವನಿಗೆ ನೇಣು

ಮಾನ್ಯ ಭಾಷಾಂತರ ಅಧಿಕಾರಿಗಳೇ,

ನನ್ನ ತಾಯಿಯನ್ನು ಕೊಂದವನು ನಿಮ್ಮ ಒಂದು ತಪ್ಪು ಪದದ ಮೇಲೆ ನೇಣಿಗೆ ಹೊರಟಿದ್ದಾನೆ. ಅವನು ಕೊಂದದ್ದು ನಿಜ, ನಿಮ್ಮ ಪದ ತಪ್ಪಾದದ್ದೂ ನಿಜ. ಇದನ್ನು ತಿಳಿಸಲು ನಿಮ್ಮ ಕಚೇರಿಗೆ ಬರೆದಾಗ ‘ವಿಷಯವನ್ನು ಸೂಕ್ತವಾಗಿ ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಬಹಳ ಒಳ್ಳೆಯ ಕನ್ನಡ, ಒಂದಕ್ಷರ ತಪ್ಪಿಲ್ಲ. ಅದರೊಳಗೆ ಅರ್ಥ ಹುಡುಕಿ ದಣಿದ ಮೇಲೆ ಊರಿಗೆಲ್ಲ ಕೇಳುವಂತೆ ಬರೆಯಲು ಕೂತಿದ್ದೇನೆ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ನನ್ನ ಅವ್ವ ಬಂಡಮ್ಮ ಕಮಲಾಪುರದ ಹೆದ್ದಾರಿ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದಳು. ಪಕ್ಕದ ಮನೆಯ ದೌಲಪ್ಪ ಚಿಕ್ಕಂದಿನಿಂದ ಅವಳ ಬುಟ್ಟಿ ಹೊತ್ತು ಬೆಳೆದವನು, ಅವಳನ್ನು ಸ್ವಂತ ಸೋದರತ್ತೆಯ ಹಾಗೆ ಅತ್ತಿ ಎಂದೇ ಕರೆಯುತ್ತಿದ್ದವನು. ದೊಡ್ಡವನಾದ ಮೇಲೆ ಕೋಟನೂರಿನ ಬಡ್ಡಿ ಸಾವಕಾರನೊಬ್ಬನ ಹತ್ತಿರ ಸಾಲ ಮಾಡಿ ಟಂಟಂ ಗಾಡಿ ಕೊಂಡ. ಗಾಡಿ ಕೆಟ್ಟು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವ್ವನ ಮನೆಗೆ ಬಂದು, ಅವಳ ಕೊರಳಿನ ಬೋರಮಾಳ ಸರವನ್ನು ಅಡವಿಡಲು ಕೊಡು ಎಂದು ಕೇಳಿದ. ಅವ್ವ ಒಲ್ಲೆ ಎಂದಳು. ಅವನು ಸರಕ್ಕೆ ಕೈ ಹಾಕಿದ, ಅವಳು ಕೂಗಿದಳು, ಅವನು ದಿಂಬಿನಿಂದ ಬಾಯಿ ಮುಚ್ಚಿದ. ಮರುದಿನ ಕಲಬುರಗಿಯ ಜಗತ್ ಸರ್ಕಲ್ ಕಡೆಯ ಬಂಗಾರದ ಅಂಗಡಿಯಲ್ಲಿ ಸರದ ಸಮೇತ ಸಿಕ್ಕಿಬಿದ್ದ. “ಅತ್ತಿ ಒದರಬಾರದಂತ ಬಾಯಿ ಮುಚ್ಚೀನ್ರೀ, ಸಾಯ್ತಾಳಂತ ತಿಳಿಲಿಲ್ರೀ” ಎಂದು ಕಟಕಟೆಯಲ್ಲಿ ನಿಂತು ಅತ್ತ. ಅವನನ್ನು ನಾನು ಕ್ಷಮಿಸಿಲ್ಲ. ಈ ಪತ್ರ ಮುಗಿಯುವ ಹೊತ್ತಿಗೂ ಕ್ಷಮಿಸಿರುವುದಿಲ್ಲ, ಆ ಹೆದರಿಕೆ ನಿಮಗೆ ಬೇಡ.

ಈಗ ನಿಮ್ಮ ಕೈಚಳಕಕ್ಕೆ ಬರುತ್ತೇನೆ. ಕೊಲೆಯ ಹಿಂದಿನ ದಿನ ದೌಲಪ್ಪ ಸಾವಕಾರನಿಗೆ ಫೋನಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ್ದ. ಅದನ್ನು ನ್ಯಾಯಾಲಯದಲ್ಲಿ ಎಲ್ಲರ ಮುಂದೆ ಕೇಳಿಸಿದರು. “ಸಾವಕಾರ್ರ, ನಾಳಿಗಿ ಬಂಡಮ್ಮತ್ತಿ ಮನಿಗಿ ಹೋಗತೀನ್ರೀ. ಖಲಾಸ್ ಮಾಡಿಬಿಡತೀನಿ. ಚಿಂತಿ ಮಾಡಬ್ಯಾಡ್ರಿ.” ನಮ್ಮ ಆಡುಮಾತು ನ್ಯಾಯಾಲಯಕ್ಕೆ ತಿಳಿಯಲೆಂದು ಇದನ್ನು ಶಿಷ್ಟ ಕನ್ನಡಕ್ಕೆ ತಂದುಕೊಡಲು ನಿಮಗೆ ಒಪ್ಪಿಸಿದ್ದರು. ನೀವು ಹೀಗೆ ಬರೆದುಕೊಟ್ಟಿರಿ: ‘ನಾಳೆ ಬಂಡಮ್ಮ ಎಂಬಾಕೆಯ ಮನೆಗೆ ತೆರಳಿ ಅವಳನ್ನು ಮುಗಿಸಿಬಿಡುತ್ತೇನೆ. ಚಿಂತಿಸಬೇಡಿ.’ ಕೊಲ್ಲಲೆಂದೇ ಹೋಗಿದ್ದ ಎನ್ನುವುದಕ್ಕೆ ಇದಕ್ಕಿಂತ ಇನ್ನೇನು ಬೇಕು? ತೀರ್ಪಿನಲ್ಲಿ ಈ ಸಾಲನ್ನೇ ಎತ್ತಿ ಬರೆದು ಮರಣದಂಡನೆ ವಿಧಿಸಿದರು.

ಮಾನ್ಯರೇ, ನೀವು ಯಾವ ಊರಿನವರೋ ನನಗೆ ಗೊತ್ತಿಲ್ಲ. ಒಮ್ಮೆ ಸಂಜೆ ಹೊತ್ತಿಗೆ ನಮ್ಮ ನೆಹರು ಗಂಜ್ ಮಾರುಕಟ್ಟೆಗೆ ಬನ್ನಿ. ತೊಗರಿ ಮಾರಿದವರು “ಮಾಲ್ ಖಲಾಸ್ ಆತ್ರೀ” ಎನ್ನುತ್ತಾರೆ. ಹಮಾಲರು ಊಟ ಖಲಾಸ್ ಮಾಡಿ ಕೈ ತೊಳೆಯುತ್ತಾರೆ. ವರ್ಷದ ಬಾಕಿ ತೀರಿಸಿದವರು “ನಮ್ದು ನಿಮ್ದು ಖಲಾಸ್” ಎಂದು ಚಹಾ ಕುಡಿದು ಏಳುತ್ತಾರೆ. ನಿಮ್ಮ ಅರ್ಥಕೋಶ ಹಿಡಿದು ಹೊರಟರೆ ದೀಪ ಹಚ್ಚುವುದರೊಳಗೆ ಇಡೀ ಗಂಜನ್ನು ಜೈಲಿಗೆ ಹಾಕಬೇಕಾಗುತ್ತದೆ, ಮತ್ತು ನಮ್ಮ ಜೈಲಿನಲ್ಲಿ ಅಷ್ಟು ಜಾಗವಿಲ್ಲ.

ಖಲಾಸ್ ಎಂದರೆ ಕೊಲ್ಲುವುದು ಎಂಬ ಅರ್ಥವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಸಿನಿಮಾದ ಗೂಂಡಾಗಳು ಹಾಗೆ ಹೇಳುತ್ತಾರೆ, ಸಿಟ್ಟು ಬಂದಾಗ ನಮ್ಮವರೂ ಹೇಳುತ್ತಾರೆ. ಆದರೆ ಯಾರನ್ನು ಎಂಬುದನ್ನು ಆಗ ಬಿಡುವುದಿಲ್ಲ. ದೌಲಪ್ಪನ ಮಾತಿನಲ್ಲಿ ‘ಅವಳನ್ನು’ ಎಲ್ಲಿದೆ? ನಾನು ಕಿವಿಗೊಟ್ಟು ಕೇಳಿದ್ದೇನೆ, ಇಲ್ಲ. ಅದು ನಿಮ್ಮ ಕಾಣಿಕೆ. ಇನ್ನು ‘ಚಿಂತಿ ಮಾಡಬ್ಯಾಡ್ರಿ’ ಎಂದು ಅವನು ಹೇಳಿದ್ದು ಯಾರಿಗೆ? ಸಾವಕಾರನಿಗೆ. ನಮ್ಮ ಅವ್ವ ಬದುಕಿದ್ದಾಳೆಂದು ಕೋಟನೂರಿನ ಸಾವಕಾರನಿಗೆ ಯಾವ ಚಿಂತೆಯೂ ಇರಲಿಲ್ಲ, ಅವನಿಗಿದ್ದದ್ದು ತನ್ನ ಸಾಲದ ಚಿಂತೆ. ದೌಲಪ್ಪ ಖಲಾಸ್ ಮಾಡುತ್ತೇನೆ ಎಂದದ್ದು ಆ ಸಾಲವನ್ನು. ಆ ಮನುಷ್ಯನನ್ನೇ ಕೇಳಬಹುದಿತ್ತು. ಆದರೆ ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವ ಆತ, ಸಾಕ್ಷಿ ಹೇಳಲು ಬಂದು, ದೌಲಪ್ಪ ಎಂದರೆ ಯಾರೆಂದೇ ಗೊತ್ತಿಲ್ಲ ಎಂದು ಪ್ರಮಾಣ ಮಾಡಿ ಹೋದ. ನನ್ನ ವಿದ್ಯಾರ್ಥಿ ಹೀಗೆ ಇಲ್ಲದ ಪದ ಸೇರಿಸಿ ಭಾವಾರ್ಥ ಬರೆದಿದ್ದರೆ ಅಂಕ ಕಳೆಯುತ್ತಿದ್ದೆ. ಇಲ್ಲಿ ಕಳೆಯುವುದು ಒಬ್ಬನ ಜೀವ.

ನನ್ನ ತಮ್ಮ ಮಲ್ಕಪ್ಪನಿಗೆ ನನ್ನ ಈ ಹಟ ಸೇರುವುದಿಲ್ಲ. ಅವ್ವನ ಹೆಣವನ್ನು ಮೊದಲು ಕಂಡವನು ಅವನು, ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊನ್ನೆ ಊಟಕ್ಕೆ ಕೂತಾಗ ಹೇಳಿದ, “ಅಕ್ಕಾ, ಅವ ಹೆಂಗ ಸತ್ರ ನಿನಗೇನು? ಫಾಸಿ ಆಗ್ಲಿ ಬಿಡು, ಕೇಸ್ ಖಲಾಸ್ ಆಗ್ಲಿ.”

“ನೀ ಯಾರಿಗಿ ಖಲಾಸ್ ಮಾಡಾಕತ್ತೀದಿ?” ಎಂದು ಕೇಳಿದೆ.

ಅವನು ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದು ನನ್ನ ಮುಖ ನೋಡಿದ. ತುತ್ತನ್ನು ತಾಟಿಗೆ ಇಳಿಸಿ, “ಅವ್ವನೂ ಹಂಗೇ ಅಂತಿದ್ದಳಲ್ಲ” ಎಂದ. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಹೌದು, ಅವ್ವ ದಿನಾ ಹಾಗೇ ಅನ್ನುತ್ತಿದ್ದಳು. ಕೊನೆಯ ಹಣ್ಣು ಮಾರಿದ ಮೇಲೆ ಬುಟ್ಟಿ ಬೋರಲು ಹಾಕಿ ಬಡಿದು, “ಖಲಾಸ್, ದೌಲ್ಯಾ. ನಡಿ ಮನಿಗಿ” ಎನ್ನುತ್ತಿದ್ದಳು. ಅವನು ಖಾಲಿ ಬುಟ್ಟಿಯನ್ನು ಟೋಪಿಯ ಹಾಗೆ ತಲೆಗೆ ಹಾಕಿಕೊಂಡು ಅವಳ ಹಿಂದೆ ಬರುತ್ತಿದ್ದ. ಆ ಮಾತು ಅವನಿಗೆ ಬಂದದ್ದು ಅವಳ ಬಾಯಿಂದ. ಅವಳ ಮಾತಿನಿಂದಲೇ ಅವನಿಗೆ ಹಗ್ಗ ಹೊಸೆದಿದ್ದೀರಿ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಈ ಶಿಕ್ಷೆಯನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಮೇಲಿನ ನ್ಯಾಯಾಲಯ ಮುಂದಿನ ತಿಂಗಳು ವಿಚಾರಣೆ ನಡೆಸಲಿದೆ. ಅದಕ್ಕೆ ಮುಂಚೆ ಆ ಧ್ವನಿಯನ್ನು ಇನ್ನೊಮ್ಮೆ ಕೇಳಿ. ಪಕ್ಕದಲ್ಲಿ ಈ ಕಡೆಯ ಒಬ್ಬರನ್ನು ಕೂರಿಸಿಕೊಳ್ಳಿ, ಚಹಾದ ಖರ್ಚು ನನ್ನದು. ತಿದ್ದಿದ ಪ್ರತಿಯನ್ನು ನಿಮ್ಮ ಸಹಿಯೊಂದಿಗೆ ನ್ಯಾಯಾಲಯಕ್ಕೆ ಕಳಿಸಿ. ನೀವು ಸೇರಿಸಿದ ‘ಅವಳನ್ನು’ ತೆಗೆದುಹಾಕಿ. ಹಾಗೆಯೇ ನೀವು ಸದ್ದಿಲ್ಲದೆ ಕಿತ್ತುಹಾಕಿದ ಒಂದು ಪದವಿದೆ, ‘ಅತ್ತಿ’. ಅದನ್ನು ಅದರ ಜಾಗದಲ್ಲಿ ಮತ್ತೆ ಬರೆಯಿರಿ. ‘ಬಂಡಮ್ಮ ಎಂಬಾಕೆ’ಯನ್ನು ಕೊಂದವನನ್ನು ನೇಣಿಗೆ ಹಾಕಿ ಮರೆಯುವುದು ಸುಲಭ. ಅವನು ಕೊಂದದ್ದು ಅತ್ತಿಯನ್ನು. ಅದನ್ನು ನೆನೆಯುತ್ತ ಅವನು ಜೈಲಿನಲ್ಲಿ ಮುದುಕನಾಗಲಿ.

ಇಂತಿ,
ಕನ್ನಡವನ್ನು ಕನ್ನಡಕ್ಕೆ ಅನುವಾದಿಸಿಕೊಡಬೇಕಾಗಿ ಬಂದ ಕನ್ನಡ ಮೇಡಂ,
ಬಂಡಮ್ಮನ ಮಗಳು
ಗುರುದೇವಿ