ಬಿಳಿ ಪಟ್ಟಿಯ ಹೊಂಗೆಮರಗಳು

ಬೈರಕೂರು
೧೨ ಜೂನ್ ೨೦೨೫

ದಿವ್ಯ ಪುಟ್ಟಿ,

ಊಟ ಮುಗಿಸಿ ಆಮೇಲೆ ಇದನ್ನು ಓದು.

ಮರ ಉರುಳಿದ ಸುದ್ದಿ ಕೇಳಿ, ಫಾರೆಸ್ಟ್ರಿ ಓದು ಬಿಟ್ಟು ಬರುತ್ತೇನೆ ಎಂದು ನೀನು ಫೋನಿನಲ್ಲಿ ಅತ್ತಾಗಿನಿಂದ ನಾನು ಕೂತಲ್ಲಿ ಕೂರುತ್ತಿಲ್ಲ. ತಪ್ಪು ನಿನ್ನದಲ್ಲ ಎಂದೆ. ಯಾರದೆಂದು ಹೇಳಲಿಲ್ಲ.

ರಜೆಯಲ್ಲಿ ನೀನು ಊರ ಗುಂಡುತೋಪಿನ ಮರಗಳನ್ನೆಲ್ಲ ಟೇಪು ಹಿಡಿದು ಅಳೆದೆ. ಬೀಜಕ್ಕೆಂದು ಉಳಿಸಬೇಕಾದ ಹನ್ನೊಂದು ಹೊಂಗೆಗಳಿಗೆ ಎದೆಯೆತ್ತರದಲ್ಲಿ ಬಿಳಿ ಪಟ್ಟಿ ಬಳಿದೆ. ಪಟ್ಟಿಯಿರುವುದನ್ನು ಮುಟ್ಟಬಾರದು, ಸೊರಗಿದವನ್ನು ಮಾತ್ರ ತೆಗೆಯಬೇಕು ಎಂದು ಚೀಟಿ ಬರೆದು, ಅರಣ್ಯ ಸಮಿತಿಯ ಸಭೆಯಲ್ಲಿ ಓದಲು ನನಗೆ ಕೊಟ್ಟು ಹೋದೆ. ಈ ಕಡೆ ಬಣ್ಣ ಬಳಿದ ಮರವೆಂದರೆ ಕಡಿಯುವ ಮರ. ರಸ್ತೆ ಅಗಲ ಮಾಡುವಾಗಲೂ ನೀಲಗಿರಿ ಹರಾಜಿನಲ್ಲೂ ಜನ ಕಂಡದ್ದು ಅದನ್ನೇ.

ಸಭೆಗೆ ಹೋದೆ. ಚೀಟಿ ಇಂಗ್ಲಿಷಿನಲ್ಲಿತ್ತು. ಅಷ್ಟು ಜನರೆದುರು ಕನ್ನಡದಲ್ಲಿ ಹೇಳಹೊರಟರೆ ತಡವರಿಸುತ್ತೇನೆ, ನಗುತ್ತಾರೆ ಎನ್ನಿಸಿ ಅದನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಅಧ್ಯಕ್ಷ ಮುನಿರಾಮಪ್ಪನವರು, "ಏನಮ್ಮಾ, ಮಗಳು ಪಟ್ಟಿ ಹೊಡ್ದವ್ಳೆ, ಅಂಗೇ ಮಾಡೋದಾ?" ಎಂದರು. "ಹೂಂ, ಅವಳು ಓದಿದವಳು" ಎಂದೆ. ಅವರು ಏನು ತಿಳಿದುಕೊಂಡರೆಂದು ನನಗೆ ಹೊಳೆಯಲಿಲ್ಲ.

ವಾರದೊಳಗೆ ಹತ್ತು ಮರ ಹೋದವು. ಬಾವಿಯ ಪಕ್ಕದ್ದು ಹೇಗೋ ಉಳಿದಿದೆ.

ನಿನ್ನೆ ಸಮಿತಿಯ ಮುಂದೆ ನಿಂತು ಚೀಟಿ ಓದಿದೆ. ತಡವರಿಸಿದೆ. ಯಾರೂ ನಗಲಿಲ್ಲ. ಮುನಿರಾಮಪ್ಪನವರು ಮಾತ್ರ, "ಇದನ್ನ ಆವತ್ತೇ ಹೇಳಿದ್ರೆ ನಿಮ್ದೇನಮ್ಮಾ ಹೋಗ್ತಿತ್ತು?" ಎಂದರು. ಚೀಟಿ ಮಡಚಿ ಕೂತೆ.

ನನ್ನ ಮೌನವನ್ನು ನೀನು ಹೊತ್ತು ಓದು ಬಿಡಬೇಡ. ಬೈಯಬೇಕಿದ್ದರೆ ಬೈದು ಬರೆ.

ನಿನ್ನ
ಅಮ್ಮ

ಮರೆತದ್ದಲ್ಲ, ಬಿಟ್ಟದ್ದು: ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸಭೆ ಮುಗಿದ ಸಂಜೆ, ತೋಪಿನಲ್ಲಿ ಹುಲ್ಲು ಕೊಯ್ದು ಬರುತ್ತಿದ್ದ ಬೈರಮ್ಮ ದಾರಿಯಲ್ಲಿ ತಡೆದು, "ಬಾವಿ ತಾವ ಇರೋದೊಂದು ಬಿಡ್ಸಮ್ಮೋ, ಬಿಸಿಲಾಗೆ ಎಲ್ ಕೂರೋದು ನಾನು?" ಎಂದಳು. ಅವಳ ಕುಡುಗೋಲಿನಿಂದಲೇ ಆ ಮರದ ಪಟ್ಟಿಯನ್ನು ಕೆರೆದು ತೆಗೆದೆ. ಒಂದು ಮರಕ್ಕೆ ಅಷ್ಟು ಸಾಕಾಯಿತು. ಉಳಿದ ಹತ್ತಕ್ಕೆ ಹಿಂದಿರುಗಿ ಹೋಗಿ ಮಾತಾಡಬೇಕಿತ್ತು. ನಾನು ಮನೆಗೆ ಬಂದೆ.